ಹಾಲ್ ಟಿಕೆಟ್ಟಿಗೆ ಕುಂಕುಮ ಇಡುವವರಿಗೆ, ಇಡದವರಿಗೆ

ಹಾಸ್ಟೆಲ್ ವಾರ್ಡನ್ ಆಗಿದ್ದವನಿಗೆ ಹುಡುಗರ ದೇವರೆಲ್ಲ ಪರಿಚಯ. ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ ಧರ್ಮಸ್ಥಳದ ಮಂಜುನಾಥ, ದಿಂಬಿನ ಕೆಳಗಿನ ಬೈಬಲ್, ಮಂಚದ ಕಾಲ ಬಳಿ ಮಡಿಸಿಟ್ಟ ಜಾನಮಾಜ್, ಗೋಡೆಯ ಮೇಲೆ ಬುದ್ಧ, ಅಂಬೇಡ್ಕರ್. ಕೆಲವರ ಗೋಡೆ ಖಾಲಿ. ಕೇಳಿದವರಿಗಷ್ಟೇ ಬುದ್ಧಿ ಹೇಳಬೇಕಂತೆ. ಅದು ಮೇಷ್ಟ್ರುಗಳಿಂದ ಆಗದ ಕೆಲಸ.

• ದೇವರಿದ್ದಾನೋ ಇಲ್ಲವೋ ಎಂಬುದು ಕೊನೆಯ ಸೆಮಿಸ್ಟರ್‌ನೊಳಗೆ ಇತ್ಯರ್ಥವಾಗಲೇಬೇಕಾದ ಪ್ರಶ್ನೆಯಲ್ಲ. ಕಲ್ಕತ್ತೆಯಲ್ಲಿ ಕಾಲೇಜು ಓದುತ್ತಿದ್ದ ನರೇಂದ್ರನಾಥ ದತ್ತ ಬ್ರಹ್ಮಸಮಾಜಕ್ಕೂ ಹೋಗುತ್ತಿದ್ದ, ಪಾಶ್ಚಾತ್ಯ ತತ್ತ್ವಶಾಸ್ತ್ರವನ್ನೂ ಓದುತ್ತಿದ್ದ, ಹಿರಿಯರು ಸಿಕ್ಕಿದರೆ ದೇವರನ್ನು ಕಂಡಿದ್ದೀರಾ ಎಂದು ನೇರವಾಗಿ ಕೇಳುತ್ತಿದ್ದ. 1884ರಲ್ಲಿ ತಂದೆ ತೀರಿಕೊಂಡು ಮನೆ ಸಾಲಕ್ಕೆ ಬಿತ್ತು. ಕೆಲಸಕ್ಕಾಗಿ ಹಸಿದ ಹೊಟ್ಟೆಯಲ್ಲೇ ಅಲೆದ, ದೇವರ ಮೇಲೂ ಸಿಟ್ಟಾದ. ಪ್ರತಿ ಜನವರಿ 12ರ ಜಯಂತಿ ಭಾಷಣದಲ್ಲಿ ನಾವು ಆ ಹುಡುಗನನ್ನು ಬಿಟ್ಟು, ಪೇಟ ಸುತ್ತಿ ಕೈಕಟ್ಟಿ ನಿಂತ ವಿವೇಕಾನಂದರನ್ನು ಮಾತ್ರ ತೋರಿಸುತ್ತೇವೆ. ನಿಮ್ಮ ವಯಸ್ಸಿನವರಿಗೆ ಬೇಕಾದವನು ಆ ಹುಡುಗ.

• ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡಿ. 1930ರಲ್ಲಿ, ಪದವಿ ಕೈಗೆ ಬರುವ ಮೊದಲೇ, ಸಿದ್ಧಗಂಗಾ ಮಠದ ಉತ್ತರಾಧಿಕಾರಿಯಾಗಬೇಕಾಗಿ ಬಂದ ಶಿವಕುಮಾರ ಸ್ವಾಮಿಗಳು ಒಬ್ಬರು. ಅಲ್ಲೇ ಭೌತಶಾಸ್ತ್ರ ಓದಿ, 1942ರ ಚಳವಳಿಯಲ್ಲಿ ಜೈಲಿಗೂ ಹೋಗಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಮೇಷ್ಟರಾದ ಎಚ್. ನರಸಿಂಹಯ್ಯ ಇನ್ನೊಬ್ಬರು. ಸ್ವಾಮಿಗಳ ದಿನ ಇಷ್ಟಲಿಂಗ ಪೂಜೆಯಿಂದ ಶುರುವಾಗುತ್ತಿತ್ತು. ನರಸಿಂಹಯ್ಯನವರೋ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನೇ ಪರೀಕ್ಷಿಸಲು ಸಮಿತಿ ರಚಿಸಿದವರು. ನಂಬಿಕೆಯಲ್ಲಿ ಉತ್ತರ ದಕ್ಷಿಣ. ಆದರೆ ಮಠದಲ್ಲಿ ಜಾತಿ ಕೇಳದೆ ಸಾವಿರಾರು ಬಡ ಮಕ್ಕಳಿಗೆ ಅನ್ನ, ಓದು ಸಿಕ್ಕಿತು. ಮದುವೆಯಾಗದ ನರಸಿಂಹಯ್ಯನವರು ಕಾಲೇಜಿನ ಹಾಸ್ಟೆಲ್ಲಿನ ಕೋಣೆಯಲ್ಲೇ ಬದುಕಿ, ಗೌರಿಬಿದನೂರು, ಬಾಗೇಪಲ್ಲಿಯಂಥ ಊರುಗಳಿಗೆ ಕಾಲೇಜು ಒಯ್ದರು. ಬದುಕಿಗೆ ಅರ್ಥವೇನು ಎಂದು ಕೊರಗುತ್ತ ಕೂರಲು ಇಬ್ಬರಿಗೂ ಪುರಸೊತ್ತಿದ್ದಿರಲಾರದು. ಇವರು ಏಳುವುದನ್ನೇ ಕಾಯುತ್ತಿದ್ದ ಮಕ್ಕಳಿದ್ದರು. ಆಸ್ತಿಕನೋ ನಾಸ್ತಿಕನೋ ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ನಿಮಗಾಗಿ ಕಾಯುವವರು ಯಾರಾದರೂ ಇದ್ದಾರೆಯೇ ನೋಡಿಕೊಳ್ಳಿ.

• ಇಲ್ಲವೆಂದರೆ ಹುಡುಕಲು ಹಿಮಾಲಯಕ್ಕೆ ಹೋಗಬೇಕಿಲ್ಲ. 1969ರಿಂದ ಎನ್ಎಸ್ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಇದೆ. ವರ್ಷಕ್ಕೆ 120 ಗಂಟೆ ಸೇವೆ, ಹಳ್ಳಿಯಲ್ಲಿ 7 ದಿನದ ಶಿಬಿರ. ಸರ್ಟಿಫಿಕೇಟಿಗಾಗಿ ಹೋದವರು ಫೋಟೊ ತೆಗೆಸಿಕೊಂಡು ಬರುತ್ತಾರೆ. ಶಿಬಿರ ಮುಗಿದ ಮೇಲೂ ಅದೇ ಊರಿನ ಶಾಲೆಗೆ ಶನಿವಾರ ಗಣಿತ ಹೇಳಿಕೊಡಲು ಹೋಗುವವರು ಬಸ್ಸಿನಲ್ಲೇ ಅರ್ಧ ಆಯುಸ್ಸು ಕಳೆಯುತ್ತೇವೆಂದು ಗೊಣಗುತ್ತಾರೆ. ಆದರೂ ಹೋಗುತ್ತಾರೆ.

• ಹರಕೆ ಹೊತ್ತುಕೊಳ್ಳಿ, ಹಾಲ್ ಟಿಕೆಟ್ಟಿಗೆ ಕುಂಕುಮ ಇಡಿ, ನನ್ನ ತಕರಾರಿಲ್ಲ. ರಿಜಿಸ್ಟರ್ ನಂಬರ್ ಕಾಣುವಂತಿರಲಿ. ಆದರೆ ಪಾಸಾದರೆ ದೇವರ ದಯೆ, ಫೇಲಾದರೆ ನನ್ನ ಪಾಪ ಎಂಬ ಲೆಕ್ಕವನ್ನು ಮಾತ್ರ ಬಿಡಿ. ಬ್ಯಾಕ್‌ಲಾಗ್ ಅಂದರೆ ಇನ್ನೊಮ್ಮೆ ಬರೆಯಬೇಕಾದ ಪೇಪರು, ಅಷ್ಟೇ.

• ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರದು, ಯಾರೂ ಬೇಡ ಅನ್ನಿಸುತ್ತಿದೆಯೇ? ಭಕ್ತಿ ಸಾಲದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಟೈಫಾಯ್ಡ್ ಬಂದವನಿಗೆ ಯಾರೂ ಜಪ ಹೆಚ್ಚು ಮಾಡು ಎಂದಷ್ಟೇ ಹೇಳಿ ಕಳಿಸುವುದಿಲ್ಲ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಅದು. 2022ರ ಅಕ್ಟೋಬರಿನಲ್ಲಿ ಶುರುವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲೂ ವಿಚಾರಿಸಿ. ಜಿಲ್ಲೆಯಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಸಿಗಬೇಕೆಂಬ ದೇಶದ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗ. ಮಾತ್ರೆ ನುಂಗುತ್ತಲೇ ಪ್ರಾರ್ಥನೆಯನ್ನೂ ಮಾಡಿ, ಒಂದಕ್ಕೊಂದು ಅಡ್ಡಿಯಿಲ್ಲ.

• ಗೆಳೆಯನೊಬ್ಬ ಸಾಯುವ ಮಾತಾಡಿದರೆ ತಮಾಷೆ ಎಂದುಕೊಳ್ಳಬೇಡಿ, ಒಬ್ಬನನ್ನೇ ಬಿಡಬೇಡಿ, ಅದೇ ರಾತ್ರಿ ದೊಡ್ಡವರನ್ನು ಎಬ್ಬಿಸಿ. ಪೊಲೀಸ್ ಕೇಸಾದೀತು ಎಂಬ ಹೆದರಿಕೆಯಿಂದ ಮುಚ್ಚಿಡುವವರಿದ್ದಾರೆ. ಪ್ರಾಣ ಕಳೆದುಕೊಳ್ಳಲು ಹೊರಟವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಆರೈಕೆ ಮಾಡಬೇಕೆನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಗುಟ್ಟು ಕಾಯುತ್ತೇನೆಂದು ಆಣೆ ಇಟ್ಟಿದ್ದೀರಾ? ಮುರಿಯಿರಿ.

• ಧ್ಯಾನ ಶಿಬಿರವೋ, ಸತ್ಸಂಗವೋ, ಪ್ರಾರ್ಥನಾ ಕೂಟವೋ, ಹೋಗಿ ನೋಡಿ. ಆದರೆ ಮನೆಯವರಿಗೆ ಹೇಳಬೇಡ, ಹಳೆಯ ಗೆಳೆಯರನ್ನು ಬಿಡು, ಫೀಸಿನ ದುಡ್ಡು ಇಲ್ಲಿ ಕಟ್ಟು, ಪ್ರಶ್ನೆ ಕೇಳಬೇಡ: ಇವುಗಳಲ್ಲಿ ಒಂದು ಮಾತು ಕೇಳಿಸಿದರೂ ಚಪ್ಪಲಿ ಮೆಟ್ಟಿ ಹೊರಡಿ. ಗುರು ಎಷ್ಟೇ ದೊಡ್ಡವರಿರಲಿ.

• ಹಬ್ಬಕ್ಕೆ ಊರಿಗೆ ಹೋದಾಗ ಅಜ್ಜಿಯ ಪೂಜೆಯ ನಡುವೆ ನಿಮ್ಮ ಹೊಸ ವಿಚಾರವಾದ ಬೇಡ. ವಾದಕ್ಕೆ ಅಪ್ಪ ಇದ್ದಾರೆ, ಊಟವಾದ ಮೇಲೆ.

• ಉಪವಾಸವಿರುವವರು ಮೆಸ್ಸಿನವರಿಗೆ ಮೊದಲೇ ಹೇಳಿ. ಮಧುಮೇಹಕ್ಕೋ ಬೇರೆ ಕಾಯಿಲೆಗೋ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನೂ ಕೇಳಿ. ರಂಜಾನಿನಲ್ಲಿ ಸೂರ್ಯ ಹುಟ್ಟುವ ಮೊದಲೇ ಹುಡುಗರಿಗೆ ಅನ್ನ ಮಾಡಿಕೊಟ್ಟು, ಏಕಾದಶಿಗೆ ಅವಲಕ್ಕಿ ಕಲಸಿಕೊಟ್ಟ ಅಡುಗೆಯವರನ್ನು ಕಂಡಿದ್ದೇನೆ. ಹಿಂದಿನ ರಾತ್ರಿ ಹನ್ನೊಂದಕ್ಕೆ ಹೋಗಿ ಬಾಗಿಲು ಬಡಿದರೆ ಮಾತ್ರ ಬೈಯುತ್ತಾರೆ.