ಹಲ್ಲಿನ ಮೇಲಿನ ಬರಹ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಕೆಲವು ಹಳ್ಳಿಗಳಲ್ಲಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಮಕ್ಕಳಿದ್ದಾರೆ. ಅವರ ಮುಂಬಲ್ಲುಗಳ ಮೇಲೆ ಸುಣ್ಣ ಬಳಿದಂಥ ಬಿಳಿಯ ಗೆರೆಗಳೋ ಕಂದು ಕಲೆಗಳೋ ಕಾಣುತ್ತವೆ. ಹಲ್ಲುಜ್ಜದ ಸೋಮಾರಿಗಳೆಂದು ಅವರನ್ನು ಹಂಗಿಸುವವರುಂಟು. ಆದರೆ ಎಷ್ಟು ಉಜ್ಜಿದರೂ ಈ ಕಲೆ ಹೋಗದು. ಹಲ್ಲು ಮೂಡುವ ಮೊದಲೇ ದವಡೆಯೊಳಗೆ ಉಂಟಾದ ಊನವೇ ಇದಕ್ಕೆ ಕಾರಣ. ಇದನ್ನು ದಂತ ಫ್ಲೋರೋಸಿಸ್ ಎನ್ನುತ್ತಾರೆ.

ಹಲ್ಲಿನ ಹೊರಕವಚವೇ ಎನಾಮಲ್. ಅಮೆಲೋಬ್ಲಾಸ್ಟ್ ಎಂಬ ಜೀವಕೋಶಗಳು ಇದನ್ನು ಪದರ ಪದರವಾಗಿ ಕಟ್ಟುತ್ತವೆ. ಮೊದಲು ಪ್ರೋಟೀನಿನ ಹಂದರ ಸಿದ್ಧವಾಗುತ್ತದೆ. ಬಳಿಕ ಪ್ರೋಟೀನು ತೆರವಾಗಿ ಅಲ್ಲಿ ಖನಿಜ ತುಂಬಿಕೊಳ್ಳುತ್ತದೆ. ಶಾಶ್ವತ ಹಲ್ಲುಗಳಲ್ಲಿ ಈ ಕಾರ್ಯವು ಮಗು ಜನಿಸಿದ ಸುಮಾರಿಗೆ ಆರಂಭವಾಗುತ್ತದೆ. ಕೊನೆಯ ದವಡೆಹಲ್ಲುಗಳ ಹೊರತು ಉಳಿದವುಗಳಲ್ಲಿ ಸುಮಾರು 8ನೆಯ ವಯಸ್ಸಿಗೆ ಮುಗಿಯುತ್ತದೆ. ಹಲ್ಲು ಹೊರಬರುವ ವೇಳೆಗೆ ಆ ಕೋಶಗಳು ನಾಶವಾಗುತ್ತವೆ. ಮುರಿದ ಮೂಳೆ ಕೂಡಿಕೊಂಡೀತು. ಕೆಟ್ಟ ಎನಾಮಲನ್ನು ದೇಹವು ಮತ್ತೆ ಕಟ್ಟಲಾರದು.

ಆದುದರಿಂದಲೇ ಎಳವೆಯಲ್ಲಿ ಈ ಕೋಶಗಳಿಗೆ ಒದಗುವ ಪೆಟ್ಟು ಶಾಶ್ವತವಾದುದು. ಕ್ಯಾನ್ಸರಿನ ಚಿಕಿತ್ಸೆಗಾಗಿ ಮಗುವಿನ ದವಡೆಗೆ ವಿಕಿರಣ ಹಾಯಿಸಿದಾಗ, ಹಲ್ಲು ರೂಪಿಸುವ ಕೋಶಗಳು ಸತ್ತು ಕೆಲವು ಹಲ್ಲುಗಳು ಮೂಡದೆಯೇ ಹೋಗಬಹುದು, ಇಲ್ಲವೆ ಬೇರುಗಳು ಮೊಟಕಾಗಬಹುದು. ನೀರಿನಲ್ಲಿ ಮಿತಿಮೀರಿದ ಫ್ಲೋರೈಡಿನ ರೀತಿ ಬೇರೆ. ಅದು ಕೋಶಗಳ ಕೆಲಸವನ್ನು ಕೆಡಿಸುತ್ತದೆ. ಪ್ರೋಟೀನು ಪೂರ್ತಿಯಾಗಿ ತೆರವಾಗದೆ, ಎನಾಮಲಿನಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಮುಂದೆ ಅವು ಬಣ್ಣ ಹೀರಿ ಕಂದಾಗುತ್ತವೆ.

ಈ ಸೀಮೆಯ ನೆಲದಡಿ ಗ್ರಾನೈಟ್ ಮತ್ತು ನೈಸ್ ಶಿಲೆಗಳಿವೆ. ಬಹುಕಾಲ ಬಂಡೆಯ ಬಿರುಕುಗಳಲ್ಲಿ ನಿಂತ ನೀರು ಅಲ್ಲಿನ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಂಡು ಕೊಳವೆಬಾವಿಗೆ ಬರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರು ದೊರೆಯದಿದ್ದಾಗ ಮಾತ್ರ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಕಣ್ಣಿಗೆ ಕಾಣದ, ನಾಲಗೆಗೆ ತಿಳಿಯದ ಈ ವಸ್ತು ಕುದಿಸಿದರೂ ಹೋಗದು. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಪರೀಕ್ಷೆಯೊಂದೇ ಅದನ್ನು ತಿಳಿಯುವ ದಾರಿ. ಶುದ್ಧೀಕರಿಸಿದ ನದಿಯ ನೀರು, ಶುಚಿಯಾಗಿ ಸಂಗ್ರಹಿಸಿದ ಮಳೆಯ ನೀರು, ಫ್ಲೋರೈಡ್ ನೀಗಿಸುವ ಘಟಕದ ನೀರು ಇವು ಮಕ್ಕಳಿಗೆ ಹಿತಕರ.

ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ ಅಶೋಕನ ಹೆಸರು ಇಂದಿಗೂ ಅಳಿಯದೆ ಉಳಿದಿದೆ. ಹಲ್ಲಿನ ಮೇಲಿನ ಬರಹವೂ ಹಾಗೆಯೇ ತಾನಾಗಿ ಅಳಿಯದು. ಅದನ್ನು ಬರೆಯುವುದು ಬಾಲ್ಯದಲ್ಲಿ ಕುಡಿದ ನೀರು. ಆದುದರಿಂದ ಕಲೆಗಟ್ಟಿದ ಹಲ್ಲನ್ನು ಕಂಡಾಗ ಮಗುವನ್ನು ಜರಿಯುವುದು ಸಲ್ಲದು. ಆ ಊರಿನ ನೀರನ್ನು ಪರೀಕ್ಷಿಸಬೇಕು. ಆಗ, ಇನ್ನೂ ಹಲ್ಲು ಮೂಡದ ಅದರ ತಮ್ಮ ತಂಗಿಯರಾದರೂ ಬಾಯಿತುಂಬ ನಕ್ಕಾರು.