ಕಟ್ಟಿದ ಗಂಟಲನ್ನು ಅಳೆಯುವುದು ಹೇಗೆ?

ದಿನವಿಡೀ ಪಾಠ ಹೇಳುವ ನಂಜನಗೂಡಿನ ಶಿಕ್ಷಕಿಗೂ ಟಿ. ನರಸೀಪುರದ ಸಂತೆಯಲ್ಲಿ ಕೂಗಿ ತರಕಾರಿ ಮಾರುವವರಿಗೂ ಬರಬಹುದಾದ ತೊಂದರೆ ಒಂದೇ: ಗಂಟಲು ಕಟ್ಟುವುದು. ನಾಲ್ಕು ದಿನದಲ್ಲಿ ಬಿಟ್ಟರೆ ಸರಿ. ಬಿಡದಿದ್ದರೆ ತಜ್ಞರಿಗೆ ಎರಡು ಪ್ರಶ್ನೆ ಏಳುತ್ತವೆ: ದನಿ ಎಷ್ಟು ಕೆಟ್ಟಿದೆ? ಚಿಕಿತ್ಸೆಯಿಂದ ಎಷ್ಟು ಸುಧಾರಿಸಿತು? ಇದನ್ನು ತಿಳಿಯಲು ವ್ಯಕ್ತಿನಿಷ್ಠ, ವಸ್ತುನಿಷ್ಠ ಎಂಬ ಎರಡು ದಾರಿಗಳಿವೆ. ಯಂತ್ರ ಹೇಳಿದ್ದೇ ನಿಜವೆಂದು ಹೊಸಬರಿಗೆ ಅನ್ನಿಸುವುದು ಸಹಜ. ನಿಧಾನವಾಗಿ ನೋಡೋಣ.

ಮೊದಲ ದಾರಿ ಕಿವಿಯದು. ತಜ್ಞರು ರೋಗಿಯನ್ನು ಮಾತಾಡಿಸಿ, ಕೇಳಿದ್ದಕ್ಕೆ ಅಂಕ ಕೊಡುತ್ತಾರೆ. ಜಪಾನಿನಲ್ಲಿ ರೂಪುಗೊಂಡ, 1981ರಲ್ಲಿ ಮಿನೋರು ಹಿರಾನೊ ಅವರ ಪುಸ್ತಕದಿಂದ ಹೆಸರಾದ ‘ಜಿಆರ್‌ಬಿಎಎಸ್’ ಮಾಪನದಲ್ಲಿ ಐದು ಅಂಶಗಳಿವೆ: ದನಿ ಒಟ್ಟಾರೆ ಎಷ್ಟು ಕೆಟ್ಟಿದೆ, ಎಷ್ಟು ಒರಟಾಗಿದೆ, ಉಸಿರು ಎಷ್ಟು ಸೋರುತ್ತಿದೆ, ಎಷ್ಟು ಬಲಹೀನವಾಗಿದೆ, ಎಷ್ಟು ಬಿಗಿದಿದೆ. ಪ್ರತಿಯೊಂದಕ್ಕೂ 0ಯಿಂದ 3. ಪಳಗಿದ ಕಿವಿ ಕ್ಷಣದಲ್ಲಿ ಬಹಳಷ್ಟನ್ನು ಹಿಡಿಯುತ್ತದೆ. ಆದರೆ ಒಬ್ಬರು 1 ಕೊಟ್ಟ ದನಿಗೆ ಇನ್ನೊಬ್ಬರು 2 ಕೊಡಬಹುದು.

ರೋಗಿಯ ಅನುಭವವೂ ಇದೇ ದಾರಿಗೆ ಸೇರಿದ್ದು. 1997ರಲ್ಲಿ ಪ್ರಕಟವಾದ ‘ವಾಯ್ಸ್ ಹ್ಯಾಂಡಿಕ್ಯಾಪ್ ಇಂಡೆಕ್ಸ್’ನಲ್ಲಿ 30 ಹೇಳಿಕೆಗಳಿವೆ. ಗದ್ದಲದಲ್ಲಿ ನನ್ನ ಮಾತು ಕೇಳಿಸುವುದೇ, ದನಿಯಿಂದಾಗಿ ಸಂಕೋಚವಾಗುವುದೇ ಎಂಬಂಥವಕ್ಕೆ ರೋಗಿಯೇ 0ಯಿಂದ 4ರವರೆಗೆ ಅಂಕ ಹಾಕಬೇಕು.

ಎರಡನೆಯ ದಾರಿ ಅಳತೆಯದು. ಶಿಕ್ಷಕಿ ಮೈಕಿನ ಮುಂದೆ ‘ಆ’ ಎಂದು ದನಿ ಎಳೆದು ಹಿಡಿಯುತ್ತಾರೆ. ಧ್ವನಿತಂತುಗಳು ಸೆಕೆಂಡಿಗೆ ಎಷ್ಟು ಸಲ ಕಂಪಿಸಿದವು ಎಂಬುದನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ವಯಸ್ಕ ಹೆಂಗಸರಲ್ಲಿ ಅದು ಸುಮಾರು 200, ಗಂಡಸರಲ್ಲಿ ಸುಮಾರು 120. ಒಂದು ಕಂಪನಕ್ಕೂ ಮುಂದಿನದಕ್ಕೂ ಅವಧಿಯಲ್ಲಿ ಆಗುವ ಏರುಪೇರು ‘ಜಿಟ್ಟರ್’. ಕಂಪನದ ವಿಸ್ತಾರದಲ್ಲಿ ಆಗುವುದು ‘ಶಿಮ್ಮರ್’. ಒಂದೇ ಉಸಿರಿನಲ್ಲಿ ‘ಆ’ ಎಷ್ಟು ಹೊತ್ತು ನಿಂತಿತು ಎಂದು ನೋಡಲು ಸ್ಟಾಪ್‌ವಾಚ್ ಸಾಕು. ಹತ್ತು ಸೆಕೆಂಡೂ ನಿಲ್ಲದಿದ್ದರೆ, ತಂತುಗಳ ನಡುವೆ ಗಾಳಿ ಸೋರುತ್ತಿದೆಯೇ ಎಂದು ಪರೀಕ್ಷಿಸಬೇಕು.

ಅಳತೆಗೂ ಮಿತಿಯಿದೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿದ್ದರೆ, ಮೈಕು ದೂರವಿದ್ದರೆ ಅಂಕಿ ಬದಲಾಗುತ್ತದೆ. ದನಿ ತೀರಾ ಒಡೆದಿದ್ದರೆ ಕಂಪನಗಳಿಗೆ ಕ್ರಮವೇ ಇರುವುದಿಲ್ಲ. ಆಗ ಜಿಟ್ಟರ್ ಲೆಕ್ಕವನ್ನು ನಂಬುವಂತಿಲ್ಲ, ಕಿವಿಯೇ ಗತಿ. ಬೆಳಿಗ್ಗೆ ಅಂಕಿಗಳೆಲ್ಲ ಸರಿಯಿದ್ದವರಿಗೆ ಸಂಜೆ ಪಾಠ ಹೇಳಲಾಗದೆಯೂ ಇರಬಹುದು. ಅದನ್ನು ಅವರ ಬಾಯಿಂದಲೇ ಕೇಳಬೇಕು.

ಆದ್ದರಿಂದ ಈ ದಾರಿಗಳು ಒಂದಕ್ಕೊಂದು ಬದಲಿಯಲ್ಲ. ಕಿವಿ ದನಿಯ ಗುಣ ಹೇಳುತ್ತದೆ, ಅಂಕಿ ತಿಂಗಳಿಂದ ತಿಂಗಳಿಗೆ ಆದ ಬದಲಾವಣೆ ತೋರಿಸುತ್ತದೆ, ರೋಗಿ ಬದುಕಿಗೆ ಬಿದ್ದ ಹೊರೆ ಹೇಳುತ್ತಾರೆ. ಮೂರೂ ತಾಳೆಯಾಗದಿದ್ದರೆ ಯಾವುದನ್ನೂ ತಳ್ಳಿಹಾಕದೆ ಇನ್ನಷ್ಟು ಹುಡುಕಬೇಕು. ಕಾರಣ ಗಂಟೋ, ಊತವೋ, ಗಡ್ಡೆಯೋ ಎಂಬುದು ಇಎನ್‌ಟಿ ವೈದ್ಯರು ಧ್ವನಿಪೆಟ್ಟಿಗೆಯನ್ನು ನೋಡಿದ ಮೇಲೆಯೇ ತಿಳಿಯುವುದು.

ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳವರಿಗೆ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ. ಬಸ್ಸಿನಲ್ಲಿ ಹೋಗಿ ಅದೇ ದಿನ ಮರಳಬಹುದು. ಗಂಟಲು ನಾಲ್ಕು ವಾರವಾದರೂ ಬಿಡದಿದ್ದರೆ ತೋರಿಸಿಕೊಳ್ಳಿ. ಬೀಡಿ, ಸಿಗರೇಟು, ತಂಬಾಕಿನ ಅಭ್ಯಾಸವಿದ್ದರೆ ಅಷ್ಟು ದಿನವೂ ಕಾಯಬೇಡಿ.