ಎರಡು ಜೇಬಿನ ಹುಡುಗನಿಗೆ

ಸಿಗರೇಟು ಬಿಡಬೇಕು ಅಂತ ವೇಪ್ ಹಿಡಿದಿದ್ದೀಯಂತೆ. ಸಂತೋಷ ಕಣೋ. ಎಷ್ಟೋ ಜನಕ್ಕೆ ಆಸ್ಪತ್ರೆ ಮಂಚ ಹತ್ತೋವರೆಗೂ ಬಿಡಬೇಕು ಅಂತಲೇ ಅನ್ನಿಸಲ್ಲ. ಆದರೆ ಒಂದು ಮಾತು ಕೇಳ್ತೀನಿ: ಎಡಗಡೆ ಜೇಬಲ್ಲಿ ವೇಪ್ ಇದ್ದರೆ ಬಲಗಡೆ ಜೇಬಲ್ಲಿ ಲೈಟರ್ ಯಾತಕ್ಕೆ? ದೇವರ ದೀಪ ಹಚ್ಚೋಕಾ?

ವೇಪಿನಿಂದ ಉಪಯೋಗವೇ ಇಲ್ಲ ಅಂತ ನಾನು ವಾದ ಮಾಡಲ್ಲ. ಅಜ್ಜಿನೂ ಪೇಪರ್ ಓದ್ತಾಳೆ. ಸಿಗರೇಟಲ್ಲಿ ಜೀವ ತಿನ್ನೋದು ಹೆಚ್ಚಾಗಿ ಸುಟ್ಟ ಎಲೆಯ ಹೊಗೆ, ಅದರೊಳಗಿನ ಟಾರು, ಕಾರ್ಬನ್ ಮಾನಾಕ್ಸೈಡು. ವೇಪಲ್ಲಿ ಎಲೆ ಸುಡಲ್ಲ, ಸುರುಳಿ ತಂತಿ ಕಾದು ದ್ರವ ಆವಿಯಾಗುತ್ತೆ. ಹಾಗಾಗಿ ಸಿಗರೇಟಿಗಿಂತ ಕಮ್ಮಿ ಕೆಟ್ಟದ್ದು. ಕಮ್ಮಿ ಕೆಟ್ಟದ್ದು ಅಂದೆ, ಒಳ್ಳೇದು ಅನ್ನಲಿಲ್ಲ.

ಬ್ರಿಟನ್ನಿನಲ್ಲಿ 886 ಜನರ ಮೇಲೆ ಪರೀಕ್ಷೆ ಮಾಡಿ 2019ರಲ್ಲಿ ಪ್ರಕಟಿಸಿದರು. ವರ್ಷ ಕಳೆದ ಮೇಲೆ ನೋಡಿದರೆ ನಿಕೋಟಿನ್ ಪಟ್ಟಿ, ಗಮ್ ತಗೊಂಡವರಲ್ಲಿ ನೂರಕ್ಕೆ ಸುಮಾರು 10 ಜನ ಸಿಗರೇಟು ಬಿಟ್ಟಿದ್ದರು, ವೇಪಿನವರಲ್ಲಿ 18. ಇಷ್ಟನ್ನ ನಿನ್ನ ಗೆಳೆಯರು ಹೇಳಿರ್ತಾರೆ. ಮುಂದಿನದ್ದು ಹೇಳಿರಲ್ಲ. ಅವರಿಗೆಲ್ಲ ಮೊದಲ ವಾರಗಳಲ್ಲಿ ಎದುರು ಕೂತು ಧೈರ್ಯ ಹೇಳೋರಿದ್ದರು. ಇನ್ನು ವೇಪಿನಿಂದ ಸಿಗರೇಟು ಬಿಟ್ಟವರಲ್ಲಿ ನೂರಕ್ಕೆ 80 ಜನ ವರ್ಷವಾದರೂ ವೇಪನ್ನ ಕೆಳಗಿಟ್ಟಿರಲಿಲ್ಲ.

ಹೇಗೆ ಇಟ್ಟಾರು ಹೇಳು! ಸಿಗರೇಟಾದರೆ ಉರಿದು ಬೆರಳಿಗೆ ಬಿಸಿ ತಾಗುತ್ತೆ, ಬಿಸಾಡ್ತೀಯ. ಇದು ಮುಗಿಯೋದು ಯಾವಾಗ? ಹಾಸಿಗೆಯಲ್ಲಿ ಒಂದು ದಮ್ಮು, ಬಚ್ಚಲಲ್ಲಿ ಒಂದು, ಆಫೀಸಿನ ಮೆಟ್ಟಿಲಲ್ಲಿ ಮತ್ತೊಂದು. ಮಾವಿನಹಣ್ಣಿನ ವಾಸನೆ, ಅಮ್ಮನಿಗೆ ಗೊತ್ತಾಗಲ್ಲ ಅನ್ನೋದು ನಿನ್ನ ಲೆಕ್ಕ. ಕಾರ್ತಿಕ ಮಾಸದಲ್ಲಿ ಬಚ್ಚಲುಮನೆಯಿಂದ ಮಾವಿನಹಣ್ಣಿನ ವಾಸನೆ ಬಂದರೆ ಯಾವ ತಾಯಿಗೆ ಗೊತ್ತಾಗಲ್ಲಪ್ಪ?

ನಮ್ಮಲ್ಲಂತೂ 2019ರಿಂದ ಇಡೀ ದೇಶದಲ್ಲೇ ವೇಪಿಗೆ ನಿಷೇಧ. ಮಾರೋದು, ಹೊರಗಡೆಯಿಂದ ತರಿಸೋದು, ದಾಸ್ತಾನು ಇಡೋದು, ಎಲ್ಲ ಅಪರಾಧ. ಬ್ರಿಟನ್ನಿನಲ್ಲಾದರೆ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಇರಕೂಡದು ಅಂತ ಕಾನೂನಿದೆ. ನಿನಗೆ ಕದ್ದು ಮಾರಿದನಲ್ಲ, ಅವನ ಡಬ್ಬಿಯಲ್ಲಿ ಎಷ್ಟಿದೆ ಅಂತ ಯಾರನ್ನ ಹಿಡಿದು ಕೇಳ್ತೀಯ? ಕಳ್ಳನಿಗೊಂದು ಪಿಳ್ಳೆ ನೆವ ಅಂತಾರೆ. ಚಹಾದ ಜೊತೆ ಸಿಗರೇಟು, ಮಿಕ್ಕ ಹೊತ್ತು ವೇಪು, ಕೇಳಿದರೆ ಬಿಡ್ತಾ ಇದ್ದೀನಿ ಅನ್ನೋದು! ಎರಡನ್ನೂ ಸೇದ್ತಿದ್ದರೆ ಯಾವುದನ್ನ ಬಿಟ್ಟ ಹಾಗಾಯ್ತು?

ಮೆಡಿಕಲ್ ಶಾಪಲ್ಲಿ ನಿಕೋಟಿನ್ ಗಮ್ ಸಿಗುತ್ತೆ. ನಿನಗೆ ಎಷ್ಟು ಮಿಲಿಗ್ರಾಮಿನದು ಬೇಕು ಅಂತ ಡಾಕ್ಟರನ್ನ ಕೇಳಿ ತಗೋ. ತಗೊಂಡೆ, ಏನೂ ಆಗಲಿಲ್ಲ ಅಂತ ನೀನು ಗೊಣಗೋದು ನನಗೆ ಈಗಲೇ ಕೇಳಿಸ್ತಿದೆ. ಚೂಯಿಂಗ್ ಗಮ್ ಥರ ಚಪ್ಪರಿಸಿದರೆ ಹೊಟ್ಟೆಗಿಳಿದು ಬಿಕ್ಕಳಿಕೆ ಬರುತ್ತೆ, ಅಷ್ಟೆ. ಮೆಲ್ಲಗೆ ಅಗಿ. ನಾಲಿಗೆ ಚುರ್ ಅಂದ ಕೂಡಲೇ ಕೆನ್ನೆಗೂ ಒಸಡಿಗೂ ಮಧ್ಯೆ ಒತ್ತಿ ಇಟ್ಕೋ. ಚುರುಕು ಇಳಿದ ಮೇಲೆ ಮತ್ತೆ ಅಗಿ. ಬಾಯಿಗೆ ಹಾಕೋ ಮುಂಚೆ 15 ನಿಮಿಷ ಕಾಫಿ ಮುಟ್ಟಬೇಡ, ಕಾಫಿ ಕುಡಿದ ಬಾಯಿ ನಿಕೋಟಿನ್ನನ್ನ ಸರಿಯಾಗಿ ಹೀರಲ್ಲ. ನಮ್ಮ ಮನೆಯ ಹುಡುಗನಿಗೆ ಇದೇ ಕಷ್ಟದ ಭಾಗ, ಗೊತ್ತು.

ಮಾತಾಡೋಕೆ ಜನ ಬೇಕಿದ್ದರೆ ಸಿಗರೇಟು ಪ್ಯಾಕಿನ ಮೇಲೇ ನಂಬರಿದೆ, 1800-11-2356. ಚಿತ್ರ ಕಾಣಬಾರದು ಅಂತ ಹೆಬ್ಬೆರಳಲ್ಲಿ ಮುಚ್ಚಿ ಹಿಡ್ಕೋತೀಯಲ್ಲ, ಬೆರಳು ತೆಗೆದು ನೋಡು. ದುಡ್ಡಿಲ್ಲದ ಕರೆ.

ನಿಮ್ಮಜ್ಜ ಬೀಡಿ ಬಿಟ್ಟ ವಾರ ಮನೆಯಲ್ಲಿ ರಣರಂಗ. ಊಟ ಆದ ಕೂಡಲೇ ಕೈ ತಾನಾಗಿ ಅಂಗಿ ಜೇಬಿಗೆ ಹೋಗೋದು, ಅಲ್ಲಿ ನಾನಿಟ್ಟ ಲವಂಗ ಸಿಗೋದು, ಮುಖ ಗಂಟು ಹಾಕ್ಕೊಳ್ಳೋರು. ಆಮೇಲೆ ನಾಲಿಗೆಗೆ ರುಚಿ ವಾಪಸ್ ಬಂತು ನೋಡು, ಅಷ್ಟು ವರ್ಷ ಸುಮ್ಮನೆ ಉಂಡವರು ನನ್ನ ಸಾರಿಗೆ ಉಪ್ಪು ಜಾಸ್ತಿ ಅಂತ ಶುರು ಮಾಡಿದರು!

ನಿನಗೂ ಮೊದಲ ವಾರ ಸಿಡಿಮಿಡಿ ಬಂದೇ ಬರುತ್ತೆ. ಬಂದಾಗ ನನಗೆ ಫೋನ್ ಮಾಡಿ ಕೂಗಾಡು, ನಿಮ್ಮಮ್ಮನ ಮೇಲೆ ಬೇಡ. ನನಗೆ ಅಭ್ಯಾಸವಿದೆ.